ಹೊಂದಿಕೊಳ್ಳುತ್ತಿರುವ ಬ್ಯಾಕ್ಟೀರಿಯಾಗಳ ಪಾಲನೆ ಪೋಷಣೆ ಕುರಿತು

ವಿಷ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಯಾವ ಕಾರಣಕ್ಕೂ ವಿಷ ಕೊಡತಕ್ಕದ್ದಲ್ಲ ಎಂಬುದು ನಮ್ಮ ತ್ಯಾಜ್ಯಜಲ ಶುದ್ಧೀಕರಣ ಘಟಕದ ಮೊದಲನೆಯ ನಿಯಮ. ಇದನ್ನು ಗೇಟಿನ ಪಕ್ಕದ ಗೋಡೆಯ ಮೇಲೆ, ಎಮ್ಮೆಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆಸಲಾಗಿದೆ. ಬರೆಸುವಾಗ ಏಣಿ ಹಿಡಿದುಕೊಂಡಿದ್ದವನು ನಾನೇ. ಏಣಿ ಒಂದಿಷ್ಟೂ ಅಲುಗಲಿಲ್ಲ, ಅದಕ್ಕೇ ಅಕ್ಷರಗಳು ಅಷ್ಟು ನೆಟ್ಟಗಿವೆ.

ಘಟಕದ ವಿಚಾರಕ್ಕೆ ಮೊದಲು ನನ್ನ ವಿಚಾರ ಹೇಳುವುದು ಕ್ರಮ, ಏಕೆಂದರೆ ನಾನಿಲ್ಲದೆ ಘಟಕ ನಡೆಯುವುದಿಲ್ಲ. ನಾನು ಬಯೋರಿಯಾಕ್ಟರಿನ ಆಪರೇಟರ್. ಬಯೋರಿಯಾಕ್ಟರ್ ಎಂದರೆ ಎರಡಂತಸ್ತಿನ ಮನೆಯಷ್ಟು ಎತ್ತರದ ಉಕ್ಕಿನ ತೊಟ್ಟಿ. ಅದರ ತಳದಿಂದ ಬ್ಲೋವರ್ ಹಗಲೂ ರಾತ್ರಿ ಗಾಳಿ ಊದುತ್ತದೆ. ಒಳಗಿನ ನೀರಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಲೆಕ್ಕವಿಲ್ಲದಷ್ಟು ಇವೆ. ಪಕ್ಕದ ಬಣ್ಣದ ಕಾರ್ಖಾನೆಯಿಂದ ಬರುವ ನೇರಳೆ ವಿಷನೀರನ್ನು ಇವು ತಿಂದು ತಿಳಿನೀರು ಮಾಡಬೇಕು ಎಂಬುದೇ ಇಡೀ ಯೋಜನೆ. ಕೆಲಸಕ್ಕೆ ಸೇರುವಾಗ ಸಂದರ್ಶನದಲ್ಲಿ "ಬ್ಯಾಕ್ಟೀರಿಯಾ ಬಗ್ಗೆ ಏನು ಗೊತ್ತು?" ಎಂದು ಕೇಳಿದ್ದರು.

"ನಮ್ಮೂರಲ್ಲಿ ಹೋರಿ ಪಳಗಿಸಿದ್ದೀನಿ ಸಾರ್," ಅಂದೆ. "ಕೊಂಬಿರೋದಕ್ಕೇ ಹೆದರದವನು, ಕಣ್ಣಿಗೇ ಕಾಣದ್ದಕ್ಕೆ ಹೆದರ್ತೀನಾ?"

ಅಲ್ಲಿ ಕುಳಿತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗಿಂತ ಮುಂಚೆ ಬಂದವರೆಲ್ಲ ಪುಸ್ತಕದಲ್ಲಿದ್ದದ್ದನ್ನು ಹೇಳಿ ಹೋಗಿದ್ದರು. ಕೆಲಸ ನನಗೆ ಸಿಕ್ಕಿತು.

ಘಟಕದ ಅಧೀಕ್ಷಕರನ್ನು ನಾವು ಹಿಂದಿನಿಂದ ಮುಚ್ಚಳ ಸಾಹೇಬರು ಎನ್ನುತ್ತೇವೆ. ಅವರ ಅಂಗಿಯ ಜೇಬಿನಲ್ಲಿ ಒಳ್ಳೆಯ ಪೆನ್ನಿದೆ. ಅದರ ಮುಚ್ಚಳ ತೆಗೆದದ್ದನ್ನು ಇದುವರೆಗೆ ಯಾರೂ ನೋಡಿಲ್ಲ. ಸಹಿ ಮಾಡಿದವನು ಕೆಡುತ್ತಾನೆ, ಮಾಡದವನು ನಿವೃತ್ತನಾಗುತ್ತಾನೆ ಎಂಬುದು ಅವರ ಇಡೀ ಸೇವೆಯ ಸಾರ. ಅವರ ಕೈಕೆಳಗೆ ಒಬ್ಬ ಮೇಡಂ ಇದ್ದಾರೆ. ಬ್ಯಾಕ್ಟೀರಿಯಾ ಸಾಕುವುದನ್ನೇ ವರ್ಷಗಟ್ಟಲೆ ಓದಿಕೊಂಡು ಬಂದವರು. ತಾತ್ಕಾಲಿಕ ನೌಕರಿಯಾದ್ದರಿಂದ ಅವರಿಗೆ ನೋಡುವ ಮತ್ತು ಹೇಳುವ ಅಧಿಕಾರವಿದೆ, ಕೇಳಿಸಿಕೊಳ್ಳುವಂತೆ ಮಾಡುವ ಅಧಿಕಾರವಿಲ್ಲ.

ಬ್ಯಾಕ್ಟೀರಿಯಾ ಕಳಿಸಿಕೊಟ್ಟ ಕಂಪನಿಯ ಸೂಚನೆ ಸರಳವಾಗಿತ್ತು. ಮೊದಲು ಕಾಕಂಬಿ ಕೊಟ್ಟು ಬೆಳೆಸಿ, ಹೊಂದಿಕೊಂಡ ಮೇಲೆ ಸ್ವಲ್ಪ ಸ್ವಲ್ಪವೇ ವಿಷನೀರು ಬಿಡಿ. ಕಾಕಂಬಿ ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಡ್ರಮ್ಮುಗಟ್ಟಲೆ ತರಿಸಿದೆವು. ನಾನು ಒಂದೊಂದು ಡ್ರಮ್ಮನ್ನೂ ಒಬ್ಬನೇ ಮೇಲಕ್ಕೆ ಉರುಳಿಸಿದೆ, ಬೇರೆಯವರಾಗಿದ್ದರೆ ಇಬ್ಬರು ಬೇಕಿತ್ತು. ನನ್ನ ಹುಡುಗರು, ಅಂದರೆ ಬ್ಯಾಕ್ಟೀರಿಯಾಗಳು, ಮದುವೆ ಮನೆಗೆ ಬಂದ ನೆಂಟರಂತೆ ಉಂಡವು. ನೀರು ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತು. ಮೇಡಂ ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಅಧೀಕ್ಷಕರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ನಾನು ಬಾಗಿಲಲ್ಲೇ ಇದ್ದೆ.

"ಹೊಂದಿಕೊಂಡಿವೆ ಸಾರ್. ಇನ್ನು ಬಣ್ಣದ ನೀರು ಬಿಡಬಹುದು."

"ಹೊಂದಿಕೊಂಡಿವೆ ಅಂತ ನೀವು ಹೇಳ್ತೀರಿ. ಅವು ಹೇಳಿದ್ದಾವಾ?"

"ಅವು ಹೇಗೆ ಹೇಳ್ತಾವೆ ಸಾರ್?"

"ಅದೇ ನನ್ನ ಚಿಂತೆ. ನಾಳೆ ವಿಷ ಬಿಟ್ಟು ಎಲ್ಲಾ ಸತ್ತುಹೋದ್ರೆ, ಅವೇ ಒಪ್ಪಿಕೊಂಡಿದ್ವು ಅಂತ ನಾನು ಯಾರ ಮುಂದೆ ಹೇಳ್ಲಿ?"

"ಒಂದಿಷ್ಟು ಸಾಯ್ತಾವೆ ಸಾರ್. ಉಳಿದವು ಕಲೀತಾವೆ."

"ಒಂದಿಷ್ಟು ಅಂದ್ರೆ ಯಾವ್ಯಾವು, ಮೊದಲೇ ಗುರುತು ಮಾಡಿ ಕೊಡೋಕಾಗುತ್ತಾ?"

ಆಗುವುದಿಲ್ಲ ಎಂದು ಮೇಡಂ ಒಪ್ಪಿಕೊಂಡರು. ಹಾಗಾಗಿ ಬ್ಯಾಕ್ಟೀರಿಯಾಗಳು ಹೊಂದಿಕೊಂಡಿವೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ, ಹೊಂದಿಕೊಳ್ಳುತ್ತಿವೆ ಎಂದು ತೀರ್ಮಾನವಾಯಿತು. ಇದರ ಗುಣವೆಂದರೆ ಇದಕ್ಕೆ ಯಾರ ಸಹಿಯೂ ಬೇಡ. ಬದುಕಿದರೆ ಹೊಂದಿಕೊಳ್ಳುತ್ತಿವೆ, ಸತ್ತರೆ ಹೊಂದಿಕೊಳ್ಳುವಾಗ ಸತ್ತವು.

ಹೊಂದಿಕೊಳ್ಳುತ್ತಿರುವವರ ಹತ್ತಿರ ವಿಷ ಸುಳಿಯಬಾರದಲ್ಲ. ಕಾರ್ಖಾನೆಯ ನೇರಳೆ ನೀರಿನ ಕೊಳವೆ ಆಗಲೇ ನಮ್ಮ ಗೋಡೆ ದಾಟಿ ರಿಯಾಕ್ಟರಿನ ವಾಲ್ವಿನವರೆಗೆ ಬಂದು ನಿಂತಿತ್ತು. ಅದನ್ನು ಅಲ್ಲಿಂದ ಬಳಸಿಕೊಂಡು ಹೋಗಿ ಹಿಂದಿನ ಕಾಲುವೆಗೆ ಬಿಡುವ ಸುರಕ್ಷತಾ ಕೊಳವೆಯನ್ನು ಹಾಕಲಾಯಿತು. ಮೊದಲು ಕಾರ್ಖಾನೆ ತನ್ನ ನೀರನ್ನು ಊರ ಹೊರಗೆ, ಕಾಲುವೆಯ ಕೆಳತುದಿಯಲ್ಲಿ ಬಿಡುತ್ತಿತ್ತು. ಈಗ ಅದು ಮೇಲ್ತುದಿಯಲ್ಲೇ ಬೀಳುವ ಅನುಕೂಲವಾಯಿತು. ಹಳೆಯ ವಾಲ್ವನ್ನು ಕಿತ್ತುಹಾಕಲು ಸಹಿ ಬೇಕಾಗಿತ್ತು, ಆದ್ದರಿಂದ ಅದು ಹಾಗೇ ಉಳಿಯಿತು. ಇನ್ನು ಬ್ಯಾಕ್ಟೀರಿಯಾಗಳು ಇರುವುದು ನೀರಿನಲ್ಲಿ. ವಿಷನೀರು ಆಗದು ಎಂದ ಮೇಲೆ ಒಳ್ಳೆಯ ನೀರೇ ಬೇಕು. ಊರಿನ ನಲ್ಲಿ ಸಾಲುಗಳಲ್ಲಿ ಒಂದನ್ನು ಕತ್ತರಿಸಿ ನಮ್ಮ ತೊಟ್ಟಿಗೆ ತಿರುಗಿಸಿದರು.

ಆ ಸಾಲು ನನ್ನ ಅಕ್ಕನ ಓಣಿಯದು.

ಅಕ್ಕ ಕಾಲುವೆ ತಿರುಗುವಲ್ಲಿ ಲಾಂಡ್ರಿ ನಡೆಸುತ್ತಾಳೆ. ಸಿಮೆಂಟಿನ ದೊಡ್ಡ ತೊಟ್ಟಿಗಳು, ಒಗೆಯುವ ಕಲ್ಲುಗಳು, ಅಂಗಳದ ಉದ್ದಕ್ಕೂ ತಂತಿ. ಊರಿನ ದೊಡ್ಡಾಸ್ಪತ್ರೆಯ ಬೆಡ್‌ಶೀಟುಗಳೆಲ್ಲ ಅವಳಲ್ಲಿಗೇ ಬರುತ್ತವೆ. ಆ ಒಂದು ಗುತ್ತಿಗೆಯ ಮೇಲೆ ಅವಳು, ಭಾವ, ಇಬ್ಬರು ಮಕ್ಕಳು, ಒಗೆಯಲು ಬರುವ ಹೆಂಗಸರು ಎಲ್ಲರೂ ನಿಂತಿದ್ದಾರೆ. ನಾನು ಹಳ್ಳಿಯಿಂದ ಬಂದಾಗ ಮಲಗಲು ಜಾಗ ಕೊಟ್ಟವಳೂ ಅವಳೇ. ಗಂಟುಮೂಟೆಗಳ ಮೇಲೆ ಮಲಗುತ್ತಿದ್ದೆ, ಅಷ್ಟು ಮೆತ್ತನೆಯ ಹಾಸಿಗೆ ನಮ್ಮೂರಲ್ಲಿ ಯಾರಿಗೂ ಇಲ್ಲ.

ಒಂದು ದಿನ ಸಂಜೆ ಹೋದರೆ ತಂತಿಯ ಮೇಲೆ ಸಾಲಾಗಿ ನೇರಳೆ ಬೆಡ್‌ಶೀಟುಗಳು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕೈಗಳೂ ಮೊಣಕೈವರೆಗೆ ನೇರಳೆ.

"ಏನೋ, ನಿನ್ನ ಹುಳಗಳಿಗೆ ನಮ್ಮ ನಲ್ಲಿ ನೀರೇ ಬೇಕಿತ್ತಾ?"

"ಹುಳ ಅನ್ನಬೇಡಕ್ಕಾ. ಬ್ಯಾಕ್ಟೀರಿಯಾ."

"ಏನಾದ್ರೂ ಆಗ್ಲಿ. ನಲ್ಲಿ ನೀರು ಅವಕ್ಕೆ, ಬಣ್ಣದ ನೀರು ನಮಗೆ. ಬಣ್ಣದ ನೀರು ಕುಡಿಯೋಕೆ ತಾನೆ ಅವನ್ನ ತರಿಸಿದ್ದು?"

"ಕುಡೀತಾವೆ. ಇನ್ನೂ ಹೊಂದಿಕೊಳ್ತಾ ಇದ್ದಾವೆ."

"ನಾನು ಈ ಮನೆಗೆ ಸೊಸೆಯಾಗಿ ಬಂದ ಮಾರನೇ ದಿನ ಬಟ್ಟೆಗೆ ಕೈ ಹಾಕಿದ್ದೆ. ನನ್ನನ್ನ ಯಾರೂ ಹೊಂದಿಕೊಂಡ್ಯಾ ಅಂತ ಕೇಳ್ಲಿಲ್ಲ." ಅವಳು ಒಂದು ಬೆಡ್‌ಶೀಟನ್ನು ಎಳೆದು ನನ್ನ ಮುಖಕ್ಕೆ ಹಿಡಿದಳು. "ಆಸ್ಪತ್ರೆ ಸ್ಟೋರ್ ಕೀಪರ್ ಬಂದಿದ್ದ. ಮುಂದಿನ ಕಟ್ಟು ಬೆಳ್ಳಗಿರದಿದ್ರೆ ಗುತ್ತಿಗೆ ಆ ಮಷೀನ್ ಲಾಂಡ್ರಿಯವರಿಗೆ ಕೊಡ್ತಾನಂತೆ."

"ನಿಮ್ಮಲ್ಲಿಂದ ಹೊರಗೆ ಬರೋ ನೀರನ್ನಾದ್ರೂ ಈ ಕಡೆ ಬಿಡೋಕಾಗಲ್ವಾ?" ಎಂದರು ಭಾವ. ಅವರು ದಿನಕ್ಕೊಂದು ಮಾತಾಡುವವರು. ಗಾಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು.

ಆಗುವುದಿಲ್ಲ ಎಂದು ವಿವರಿಸಿದೆ. ಶುದ್ಧ ನೀರು ನಮ್ಮ ಗೇಟು ದಾಟಿ ಒಳಗೆ ಬಂದ ಕ್ಷಣವೇ ತ್ಯಾಜ್ಯ ಎನಿಸಿಕೊಳ್ಳುತ್ತದೆ. ತ್ಯಾಜ್ಯವನ್ನು ಕಾಲುವೆಗೆ ಮಾತ್ರ ಬಿಡಬಹುದು. ಸಾಲದ್ದಕ್ಕೆ ಅದರಲ್ಲಿ ಕಾಕಂಬಿಯ ಅಂಟು. ಅದರಲ್ಲಿ ಒಗೆದರೆ ರೋಗಿಗಿಂತ ಮುಂಚೆ ಇರುವೆಗಳು ಹಾಸಿಗೆ ಸೇರುತ್ತವೆ. ಭಾವ ಇನ್ನೊಂದು ಚಕ್ರಕ್ಕೆ ಎಣ್ಣೆ ಬಿಡಲು ಹೋದರು.

"ನಾನಿದ್ದೀನಲ್ಲಕ್ಕಾ," ಅಂದೆ. "ಇಡೀ ರಿಯಾಕ್ಟರ್ ನನ್ನ ಕೈಯಲ್ಲಿದೆ. ಕಾಲುವೇನ ಕನ್ನಡಿ ಮಾಡಿ ಕೊಡ್ತೀನಿ, ಮುಖ ನೋಡಿ ತಲೆ ಬಾಚ್ಕೋ."

"ನಿನ್ನ ಬಾಯಿ ಮುಂದೆ ನಿಮ್ಮ ಬ್ಲೋವರ್ ಏನೂ ಅಲ್ಲ," ಎಂದಳು ಅಕ್ಕ. ಆದರೂ ಊಟ ಬಡಿಸಿದಳು.

ಮರುದಿನ ನಾನು ಅಧೀಕ್ಷಕರ ಮುಂದೆ ಎದೆಯುಬ್ಬಿಸಿ ನಿಂತು ಕಾಲುವೆಯ ವಿಚಾರ ಎತ್ತಿದೆ.

"ಕಾಲುವೆ ನೇರಳೆಯಾಗಿದೆ ಸಾರ್."

"ನಮ್ಮ ತೊಟ್ಟಿ?"

"ಅದು ಚೆನ್ನಾಗಿದೆ ಸಾರ್."

"ನಮಗೆ ಸಂಬಳ ಬರೋದು ಯಾವುದಕ್ಕೆ? ಕಾಲುವೆಗೋ ತೊಟ್ಟಿಗೋ?"

ಇದಕ್ಕೆ ನನ್ನಲ್ಲಿ ಉತ್ತರವಿತ್ತು, ಆದರೆ ಅವರಿಗೆ ಫೋನು ಬಂತು. ನಮ್ಮಂಥ ಘಟಕಗಳನ್ನೆಲ್ಲ ನಡೆಸುವ ಮಂಡಳಿಯ ಅಧ್ಯಕ್ಷರೇ ಮಾತಾಡುತ್ತಿದ್ದರು. ನಾಡಿನ ಎಲ್ಲ ಶುದ್ಧೀಕರಣ ಘಟಕಗಳ ಹೊರಹರಿವನ್ನು ಪರೀಕ್ಷಿಸಲಾಗಿ, ನಮ್ಮ ಘಟಕ ಒಂದರ ನೀರಿನಲ್ಲಿ ಮಾತ್ರ ಹುಡುಕಿದರೂ ವಿಷದ ಸುಳಿವು ಸಿಕ್ಕಿರಲಿಲ್ಲ. ಒಳಗೆ ಬರುವ ನೀರಿನಲ್ಲೂ ಇರಲಿಲ್ಲ. ಆದರೆ ಒಳಗೆ ಬರುವುದನ್ನು ಪರೀಕ್ಷಿಸುವ ಪದ್ಧತಿ ಇಲ್ಲ. ನಮಗೆ ಅತ್ಯುತ್ತಮ ಘಟಕದ ಫಲಕ ಬಂದಿತ್ತು. ಫಲಕ ತೆಗೆದುಕೊಳ್ಳಲು, ಆಮೇಲೆ ಊರೂರಿನ ಘಟಕಗಳಿಗೆ ಹೋಗಿ ಈ ಸಾಧನೆ ಹೇಗೆ ಸಾಧ್ಯವಾಯಿತು ಎಂದು ಭಾಷಣ ಮಾಡಲು ಅಧೀಕ್ಷಕರು ಹೊರಟರು. ಹೋಗುವ ಮುನ್ನ ಗೇಟಿಗೆ ಈ ಪ್ರಕಟಣೆ ಅಂಟಿಸಿದರು:

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಅಧೀಕ್ಷಕರ ಗೈರುಹಾಜರಿಯಲ್ಲಿ ಬ್ಯಾಕ್ಟೀರಿಯಾಗಳು ಯಥಾಸ್ಥಿತಿಯಲ್ಲಿ ಮುಂದುವರಿಯತಕ್ಕದ್ದು. ಬಣ್ಣದ ಕಾರ್ಖಾನೆಯ ನೌಕರರು ಬಟ್ಟೆ ಬದಲಿಸದೆ ಘಟಕದ ಮುಂದೆ ಹಾದುಹೋಗತಕ್ಕದ್ದಲ್ಲ. ತೊಟ್ಟಿಯ ಸುತ್ತ ವಿಷದ ಬಗ್ಗೆ ಜೋರಾಗಿ ಮಾತನಾಡತಕ್ಕದ್ದಲ್ಲ."

ಅವರ ಜೀಪಿನ ಧೂಳು ಕೆಳಗಿಳಿಯುವ ಮೊದಲೇ ನಾನು ಮೇಡಂ ಹತ್ತಿರ ಹೋದೆ. ಅವರು ಮೆಟ್ಟಿಲ ಮೇಲೆ ಕೂತು ಊಟದ ಡಬ್ಬಿ ತೆರೆದಿದ್ದರು.

"ಮೇಡಂ, ಆ ಹಳೇ ವಾಲ್ವ್ ತೆರೆದರೆ ಏನಾಗುತ್ತೆ?"

"ತೆರೆಯೋ ಅಧಿಕಾರ ನಮಗಿಲ್ಲ."

"ಅಧಿಕಾರ ಕೇಳ್ಲಿಲ್ಲ. ಏನಾಗುತ್ತೆ ಅಂದೆ."

ಅವರು ತುತ್ತು ಕೈಯಲ್ಲೇ ಹಿಡಿದು ತೊಟ್ಟಿಯನ್ನು ನೋಡಿದರು. "ಪೂರ್ತಿ ತೆರೆದರೆ ಎಲ್ಲಾ ಸಾಯ್ತಾವೆ. ಯಾರೋ ಒಬ್ಬ ಅವಿವೇಕಿ ತೆರೆಯೋದೇ ಆದ್ರೆ, ಇವತ್ತು ಕಾಲು ಸುತ್ತು. ಕಾಕಂಬಿ ಅರ್ಧಕ್ಕೆ ಇಳಿಸ್ಬೇಕು."

"ನಾಳೆ?"

"ಅವಿವೇಕಿ ನಾಳೆ ಬಂದು ಕೇಳಿದ್ರೆ ಹೇಳ್ತೀನಿ."

ತುಕ್ಕು ಹಿಡಿದ ವಾಲ್ವು. ಬೇರೆ ಯಾರಿಗಾದರೂ ಸನ್ನೆಕೋಲು ಬೇಕಾಗುತ್ತಿತ್ತು, ನಾನು ಬರಿಗೈಯಲ್ಲೇ ತಿರುಗಿಸಿದೆ. ನೇರಳೆ ನೀರು ಬುಳುಬುಳು ಒಳಗೆ ಹೋಯಿತು. ಮೇಡಂ ಗೋಡೆಯ ಕಡೆ ಮುಖ ಮಾಡಿ ನಿಂತು, "ನಾನು ನೋಡ್ಲಿಲ್ಲ," ಎಂದರು. ಆಮೇಲೆ ಓಡಿಹೋಗಿ ಗಾಜಿನ ಕಿಂಡಿಗೆ ಮೂಗು ಒತ್ತಿಕೊಂಡು ನೋಡಿದರು.

ಮೊದಲು ನೊರೆ ಬಂತು. ನನ್ನ ಹುಡುಗರಲ್ಲಿ ಕೆಲವು ಸತ್ತವು ಎಂದು ಮೇಡಂ ಹೇಳಿದರು, ನನಗೇನೂ ಕಾಣಲಿಲ್ಲ. ಉಳಿದವು ಕಾಕಂಬಿಯ ಮುಖ ನೋಡುವುದನ್ನು ಬಿಟ್ಟವು. ಅವಿವೇಕಿ ದಿನಾ ಹೋಗಿ ಕೇಳಿದ, ವಾಲ್ವು ದಿನಾ ಒಂದಿಷ್ಟು ತೆರೆಯಿತು. ಕೊನೆಗೆ ಕಾರ್ಖಾನೆಯ ಅಷ್ಟೂ ನೀರು ನಮ್ಮ ತೊಟ್ಟಿಗೇ ಬರತೊಡಗಿತು. ಆ ಕಡೆಯಿಂದ ಹೊರಬಿದ್ದ ನೀರನ್ನು ಮೇಡಂ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿದರು. ಅವರ ಹಿಂದಿದ್ದ ಬ್ಲೋವರ್ ಕೊಠಡಿಯ ಬಾಗಿಲು, ಬಾಗಿಲಿನ ಬೀಗ, ಬೀಗದ ಮೇಲಿನ ತುಕ್ಕು ಎಲ್ಲ ಆ ನೀರಿನೊಳಗಿಂದ ಕಂಡವು. ಮೇಡಂ ಬಹಳ ಹೊತ್ತು ಲೋಟ ಇಳಿಸಲಿಲ್ಲ.

ಕಾಲುವೆ ತಿಳಿಯಾಯಿತು. ಅಕ್ಕನ ತಂತಿಯ ಮೇಲೆ ಬೆಳ್ಳನೆಯ ಬೆಡ್‌ಶೀಟುಗಳು ಹಾರಾಡಿದವು. ಸ್ಟೋರ್ ಕೀಪರ್ ಆ ಕಟ್ಟನ್ನು ಮಾತಿಲ್ಲದೆ ತೆಗೆದುಕೊಂಡ. ನಾನು ಓಣಿಯಲ್ಲಿ ನಡೆದರೆ ಒಗೆಯುವ ಹೆಂಗಸರು ಕಲ್ಲಿನಿಂದ ಎದ್ದು ನಿಲ್ಲುತ್ತಿದ್ದರು, ನಾನು ಕೂತ್ಕೊಳ್ಳಿ ಅನ್ನುತ್ತಿದ್ದೆ. ಅಕ್ಕ ರಾತ್ರಿ ಊಟಕ್ಕೆ ಎರಡು ಮೊಟ್ಟೆ ಹೆಚ್ಚು ಹಾಕಿದಳು.

ಅಧೀಕ್ಷಕರು ಕಂಕುಳಲ್ಲಿ ಫಲಕ ಇಟ್ಟುಕೊಂಡು ಹಿಂತಿರುಗಿದವರು ಗೇಟಿನಲ್ಲೇ ನಿಂತು ಗಾಳಿ ಮೂಸಿದರು.

"ಕಾಕಂಬಿ ವಾಸನೆ ಎಲ್ಲಿ?"

"ತಿನ್ನೋದು ಬಿಟ್ಟಿದ್ದಾವೆ ಸಾರ್," ಅಂದೆ. "ಕಾರ್ಖಾನೆ ವಿಷಾನೇ ತಿಂತಿದ್ದಾವೆ. ನೀರು ನೋಡಿ, ಹೇಗೆ ತಿಳಿಯಾಗಿದೆ."

"ನೀರು ಮೊದಲೂ ತಿಳಿಯಾಗೇ ಇತ್ತಲ್ಲ. ಫಲಕ ಸುಮ್ಮನೆ ಕೊಟ್ರಾ?" ಅವರು ತೊಟ್ಟಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. "ಒಳಗಿರೋವು ವಿಷ ತಿಂದಿವೆ ಅಂತ ಆಯ್ತು. ಹಾಗಾದ್ರೆ ಅವೀಗ ಏನು?"

"ಕೆಲಸ ಕಲಿತವು ಸಾರ್," ಎಂದರು ಮೇಡಂ.

"ಅಲ್ಲ. ವಿಷ ಸೋಕಿದ್ದು ವಿಷ. ನಿಯಮ ಇದೆ. ಫಲಕ ಬಂದಿರೋ ಘಟಕದೊಳಗೆ ಒಂದು ತೊಟ್ಟಿ ತುಂಬಾ ವಿಷ ಇಟ್ಕೊಂಡು ಕೂತಿದ್ದೀವಿ."

ವಿಚಾರಣೆ ನಡೆಯಿತು. ವಾಲ್ವು ತೆರೆದವನು ನಾನೇ ಎಂದು ನಾನು ತಲೆಯೆತ್ತಿ ಹೇಳಿದೆ. ಇನ್ಯಾರಿಗೂ ಅದನ್ನು ಬರಿಗೈಯಲ್ಲಿ ತಿರುಗಿಸಲು ಆಗುತ್ತಿರಲಿಲ್ಲ ಎಂದೂ ಹೇಳಿದೆ. ಆದರೆ ನನ್ನನ್ನು ತಪ್ಪಿತಸ್ಥ ಎಂದರೆ, ಅಷ್ಟು ದಿನ ವಾಲ್ವು ಮುಚ್ಚಿತ್ತು ಎಂದು ಒಪ್ಪಿಕೊಳ್ಳಬೇಕಾಗುತ್ತದೆ, ಮುಚ್ಚಿತ್ತು ಎಂದರೆ ಫಲಕ ಯಾವುದಕ್ಕೆ ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾಗಳು ಸ್ವಇಚ್ಛೆಯಿಂದ ವಿಷ ಸೇವಿಸಿವೆ ಎಂದು ತೀರ್ಮಾನಿಸಲಾಯಿತು. ಅವುಗಳ ವಿವರಣೆ ಕೇಳಿ ತೊಟ್ಟಿಗೆ ನೋಟಿಸು ಅಂಟಿಸಿದರು. ಉತ್ತರ ಬರಲಿಲ್ಲ. ಮೌನವನ್ನು ಒಪ್ಪಿಗೆ ಎಂದು ಭಾವಿಸಿ, ಅವನ್ನು ವಿಷಕಾರಿ ತ್ಯಾಜ್ಯವೆಂದು ಘೋಷಿಸಿ, ವಿಷಕಾರಿ ತ್ಯಾಜ್ಯವನ್ನು ಬಿಡುವ ಜಾಗಕ್ಕೆ, ಅಂದರೆ ಕಾಲುವೆಗೆ, ಬಿಡುವಂತೆ ಆದೇಶವಾಯಿತು.

ತಳದ ವಾಲ್ವು ತೆರೆದವನೂ ನಾನೇ. ಕಂದು ಬಣ್ಣದ ಗಟ್ಟಿ ನೀರು ಧುಮ್ಮಿಕ್ಕಿ ಹೋಯಿತು. ಎದೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಬ್ಲೋವರಿನ ಅದುರಾಟ ಇರಬೇಕು, ಆದರೆ ಬ್ಲೋವರನ್ನು ಆಗ ನಿಲ್ಲಿಸಿದ್ದೆವು.

ಕಂಪನಿಯಿಂದ ಹೊಸ ಬ್ಯಾಕ್ಟೀರಿಯಾ ಬಂದವು, ಹೊಸ ಕಾಕಂಬಿ ಬಂತು. ಅವು ಹೊಂದಿಕೊಳ್ಳತೊಡಗಿದವು. ಹಳೆಯ ವಾಲ್ವಿನ ಚಕ್ರಕ್ಕೆ ಸರಪಣಿ ಸುತ್ತಿ ಬೀಗ ಹಾಕಲಾಯಿತು. ಸುರಕ್ಷತಾ ಕೊಳವೆಯಿಂದ ನೇರಳೆ ನೀರು ಮತ್ತೆ ಕಾಲುವೆಗೆ ಬಿತ್ತು, ಅಕ್ಕನ ಬೆಡ್‌ಶೀಟುಗಳು ಮತ್ತೆ ನೇರಳೆಯಾದವು.

ಸ್ಟೋರ್ ಕೀಪರ್ ತನ್ನ ಮಾತಿಗೆ ತಕ್ಕ ಹಾಗೆ ನಡೆದುಕೊಂಡ. ಒಂದು ಕಟ್ಟನ್ನು ತೆಗೆದುಕೊಂಡು ಹೋಗಿ ಮಷೀನ್ ಲಾಂಡ್ರಿಗೆ ಕೊಟ್ಟ. ಅಕ್ಕ ಅಂದು ಒಲೆ ಹಚ್ಚಲಿಲ್ಲ. ಒಗೆಯುವ ಹೆಂಗಸರಿಗೆ ಇನ್ನು ಬರಬೇಡಿ ಎಂದು ಹೇಗೆ ಹೇಳುವುದು ಎಂದು ಭಾವನನ್ನು ಕೇಳುತ್ತಿದ್ದಳು. ಭಾವ ಅಂದಿನ ಮಾತನ್ನು ಬೆಳಿಗ್ಗೆಯೇ ಆಡಿ ಮುಗಿಸಿದ್ದರು. ನಾನು, "ಬೇಕಾದ್ರೆ ಆ ಸರಪಣೀನ ಹಲ್ಲಲ್ಲಿ ಕಡೀತೀನಿ," ಅಂದೆ. ಅಕ್ಕ ನನ್ನ ಕಡೆ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆದರೆ ಮಷೀನ್ ಲಾಂಡ್ರಿಯವರ ಮಷೀನಿಗೂ ನೀರು ಬರುವುದು ಅದೇ ಕಾಲುವೆಯಿಂದ. ಅವರ ಬೆಡ್‌ಶೀಟುಗಳು ಇನ್ನೂ ಗಾಢ ನೇರಳೆಯಾಗಿ, ಇಸ್ತ್ರಿ ಸಮೇತ ಬಂದವು. ಊರಿನ ಎಲ್ಲ ಲಾಂಡ್ರಿಯೂ ಒಂದೇ ಬಣ್ಣ ಕೊಡುತ್ತದೆ ಎಂದಾಗ, ತಪ್ಪು ಲಾಂಡ್ರಿಯದಲ್ಲ, ಬಿಳಿ ಬಣ್ಣದ್ದು ಎಂದು ಆಸ್ಪತ್ರೆಯ ಸಮಿತಿಗೆ ಹೊಳೆಯಿತು. ಆಸ್ಪತ್ರೆಯ ಬಾಗಿಲಲ್ಲಿ ಬೋರ್ಡು ಬಂತು:

"ಸಾರ್ವಜನಿಕರ ಗಮನಕ್ಕೆ. ಇನ್ನು ಮುಂದೆ ಈ ಆಸ್ಪತ್ರೆಯ ಬೆಡ್‌ಶೀಟುಗಳು ನೇರಳೆ ಬಣ್ಣದಲ್ಲಿರತಕ್ಕದ್ದು. ಬಿಳಿ ಬೆಡ್‌ಶೀಟು ಕಂಡುಬಂದಲ್ಲಿ ಅದನ್ನು ಒಗೆಯದ ಬೆಡ್‌ಶೀಟು ಎಂದು ಪರಿಗಣಿಸಲಾಗುವುದು. ರೋಗಿಗಳ ಬೆನ್ನು ನೇರಳೆಯಾಗಿದ್ದಲ್ಲಿ ಅದು ಅವರಿಗೆ ಹಾಸಿಗೆ ದೊರೆತಿದೆ ಎಂಬುದಕ್ಕೆ ಪುರಾವೆ."

ಇದರಿಂದ ವೈದ್ಯರಿಗೂ ಸಂತೋಷವಾಯಿತು. ಯಾವ ಕಲೆಯೂ ಕಾಣುತ್ತಿರಲಿಲ್ಲ. ಬೆನ್ನು ಬಿಳಿಯಾಗಿದ್ದವರು ನೆಲದ ಮೇಲೆ ಮಲಗಿದ್ದವರು ಎಂದು ಸುಲಭವಾಗಿ ಗೊತ್ತಾಗಿ, ಅವರಿಂದ ಹಾಸಿಗೆಯ ಬಾಡಿಗೆ ಕೇಳುವ ಮುಜುಗರ ತಪ್ಪಿತು. ಗುತ್ತಿಗೆ ಅಕ್ಕನಿಗೇ ವಾಪಸು ಬಂತು. ಹೆಂಗಸರು ಕಲ್ಲಿಗೆ ಮರಳಿದರು. ಅಕ್ಕ ಬ್ಲೀಚ್ ಡಬ್ಬಿಗಳನ್ನು ಎತ್ತಿ ಅಟ್ಟಕ್ಕೆ ಹಾಕಿದಳು.

ಅಷ್ಟರಲ್ಲಿ ಕಾಲುವೆ ಮತ್ತೆ ತಿಳಿಯಾಗತೊಡಗಿತು.

ಯಾರಿಗೂ ಅರ್ಥವಾಗಲಿಲ್ಲ. ಕಾರ್ಖಾನೆ ನೇರಳೆ ನೀರನ್ನು ಎಂದಿನಂತೆ ಬಿಡುತ್ತಿತ್ತು. ಮೇಲ್ತುದಿಯಲ್ಲಿ ಅದು ನೇರಳೆಯಾಗಿಯೇ ಬೀಳುತ್ತಿತ್ತು. ಅಕ್ಕನ ಅಂಗಳಕ್ಕೆ ಬರುವಷ್ಟರಲ್ಲಿ ತಳದ ಕಲ್ಲು ಕಾಣುತ್ತಿತ್ತು. ಮೇಡಂ ಸೀರೆ ಎತ್ತಿ ಕಟ್ಟಿ ಕಾಲುವೆಗೆ ಇಳಿದು, ಒಂದು ಕಲ್ಲಿನ ಮೇಲಿನ ಕಂದು ಲೋಳೆಯನ್ನು ಉಗುರಲ್ಲಿ ಕೆರೆದು ನೋಡಿದರು.

"ಇವು ನಮ್ಮವೇ," ಎಂದರು. "ನಾವು ಹೊರಗೆ ಹಾಕಿದ್ದೆವಲ್ಲ, ಅವೇ. ಕಲ್ಲುಕಲ್ಲಿಗೆ ಅಂಟಿಕೊಂಡು ಸಂಸಾರ ಹೂಡಿವೆ."

"ನಾನು ಸಾಕಿದ್ದಲ್ವಾ ಮೇಡಂ," ಅಂದೆ. "ಎಲ್ಲಿ ಹಾಕಿದ್ರೂ ಕೆಲಸ ಬಿಡಲ್ಲ."

ಆ ಮಾತು ಮುಗಿಯುವಷ್ಟರಲ್ಲಿ ಮೇಲಿನ ಅಂಗಳದಿಂದ ಅಕ್ಕನ ಧ್ವನಿ ಕೇಳಿತು. ಸ್ಟೋರ್ ಕೀಪರ್ ಬಂದಿದ್ದ. ಬೆಡ್‌ಶೀಟುಗಳು ಹಾಲಿನಂತೆ ಬೆಳ್ಳಗಿದ್ದವು.

"ಇವನ್ನ ಒಗೆದಿಲ್ಲ," ಎಂದ ಅವನು.

"ಒಗೆದು ಒಗೆದು ನನ್ನ ರಟ್ಟೆ ಬಿದ್ದುಹೋಗಿದೆ. ಬೇಕಾದ್ರೆ ಮೂಸಿ ನೋಡು."

"ಮೂಸೋ ಅಧಿಕಾರ ನನಗಿಲ್ಲಮ್ಮ. ನೋಡೋದು ಮಾತ್ರ. ಬಿಳಿ ಇದೆ. ಬೋರ್ಡ್ ಓದಿಲ್ವಾ?"

"ಹೋದ ಸಲ ಬಿಳಿ ಬೇಕು ಅಂದೆ."

"ಹೋದ ಸಲ ನಾನು ಹೇಳಿದ್ದೂ ಸರಿ, ಈ ಸಲ ಹೇಳ್ತಿರೋದೂ ಸರಿ. ಮುಂದಿನ ಕಟ್ಟು ನೇರಳೆ ಇರಲಿ. ಇಲ್ಲಾಂದ್ರೆ ಮಷೀನಿನವರು ಇದ್ದಾರೆ. ಅವರು ಕಾಲುವೆಯ ಮೇಲ್ತುದಿಗೇ ಕೊಳವೆ ಹಾಕ್ಕೊಂಡಿದ್ದಾರೆ."

ಅವನು ಹೋದ ಮೇಲೆ ಅಕ್ಕ ನನ್ನನ್ನು ಕರೆದಳು. ಧ್ವನಿ ಎತ್ತರಿಸಲಿಲ್ಲ.

"ನಿನ್ನ ಹುಳಗಳನ್ನ ನಿಲ್ಲಿಸು."

"ಅಕ್ಕಾ, ಈ ನೀರನ್ನ ಕುಡೀಬಹುದು ಈಗ. ಕಪ್ಪೆ ಬಂದಿದ್ದಾವೆ, ನೋಡು."

"ಕಪ್ಪೆಗಳು ಗುತ್ತಿಗೆ ಕೊಡ್ತಾವಾ? ನಾನು ಯಾವತ್ತಾದ್ರೂ ನಿನ್ನ ಹತ್ರ ಏನಾದ್ರೂ ಕೇಳಿದ್ದೀನಾ? ಬೆಳ್ಳಗೆ ಮಾಡು ಅಂದೆ, ಮಾಡ್ದೆ. ಈಗ ನಿಲ್ಸು ಅಂತಿದ್ದೀನಿ. ಅಷ್ಟು ದೊಡ್ಡ ಆಪರೇಟರ್ ಅಲ್ವಾ ನೀನು?"

ಆಪರೇಟರ್ ಹೌದು. ಆದರೆ ಕಾಲುವೆಗೆ ವಾಲ್ವಿಲ್ಲ. ನಾನು ಹೋಗಿ ಮುಚ್ಚಳ ಸಾಹೇಬರ ಮುಂದೆ ನಿಂತೆ. ನಾವು ಹೊರಹಾಕಿದ ಬ್ಯಾಕ್ಟೀರಿಯಾಗಳು ಕಾಲುವೆಯನ್ನು ಅನಧಿಕೃತವಾಗಿ ಶುದ್ಧ ಮಾಡುತ್ತಿವೆ ಎಂದೆ. ಅವರಿಗೆ ಬೆವರು ಬಂತು. ಘಟಕದ ಹೊರಗೆ ನೀರು ಶುದ್ಧವಾದರೆ ಘಟಕ ಯಾಕೆ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಅವರು ಅಧ್ಯಕ್ಷರಿಗೆ ತಿಳಿಸಿದರು, ಅಧ್ಯಕ್ಷರು ಬಣ್ಣದ ಕಾರ್ಖಾನೆಯ ಮ್ಯಾನೇಜರನ್ನು ಕರೆಸಿದರು. ಮ್ಯಾನೇಜರು ಚುರುಕು ಮನುಷ್ಯ. ಅಕ್ಕನ ಅಂಗಳದವರೆಗೆ ಬಂದು, ತೊಟ್ಟಿಗಳನ್ನು ನೋಡಿ, ಹಿಂದಿನ ಕಟ್ಟಿನಲ್ಲಿ ಉಳಿದಿದ್ದ ಒಂದು ನೇರಳೆ ಬೆಡ್‌ಶೀಟನ್ನು ಬೆರಳಿನಿಂದ ಮುಟ್ಟಿ, "ಅಯ್ಯೋ, ಇಷ್ಟೇನಾ?" ಎಂದ.

ವಾರ ಕಳೆಯುವಷ್ಟರಲ್ಲಿ ಕಾರ್ಖಾನೆಯಿಂದ ಅಕ್ಕನ ತೊಟ್ಟಿಗಳಿಗೆ ನೇರ ಕೊಳವೆ ಬಂತು. ಅಧ್ಯಕ್ಷರೇ ಬಂದು ಉದ್ಘಾಟಿಸಿದರು. ಇದುವರೆಗೆ ತ್ಯಾಜ್ಯ ಎನ್ನುತ್ತಿದ್ದದ್ದು ಇನ್ನು ಮುಂದೆ ಕಚ್ಚಾವಸ್ತು ಎಂದೂ, ಆದ್ದರಿಂದ ಕಾರ್ಖಾನೆಯಲ್ಲಿ ಇನ್ನು ತ್ಯಾಜ್ಯವೇ ಇಲ್ಲವೆಂದೂ, ಇದು ನಮ್ಮ ಘಟಕದ ಬ್ಯಾಕ್ಟೀರಿಯಾಗಳ ಗೆಲುವೆಂದೂ ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ತೊಟ್ಟಿಯಲ್ಲಿ ಹೊಂದಿಕೊಳ್ಳುತ್ತಿರುವ ಬ್ಯಾಕ್ಟೀರಿಯಾಗಳಿಗೆ ಅಂದು ಕಾಕಂಬಿ ಒಂದು ಪಟ್ಟು ಜಾಸ್ತಿ ಹಾಕುವಂತೆ ಮುಚ್ಚಳ ಸಾಹೇಬರು ಬಾಯಿಮಾತಿನಲ್ಲಿ ಆದೇಶಿಸಿದರು.

ಒಂದೇ ಒಂದು ತೊಡಕು ಉಳಿಯಿತು. ಕಾಲುವೆಯಲ್ಲಿದ್ದವು ಕಲ್ಲು ಹತ್ತಿ, ಒಗೆಯುವವರ ಕಾಲಿಗಂಟಿ, ಬಟ್ಟೆಗಂಟಿ, ಅಕ್ಕನ ತೊಟ್ಟಿಗಳ ಮೂಲೆ ಸೇರಿಕೊಂಡವು. ಬಣ್ಣ ಎಲ್ಲಿದೆಯೋ ಅಲ್ಲಿಗೆ ಅವು ಬರುತ್ತವೆ, ಅವಕ್ಕೆ ಅದನ್ನು ಕಲಿಸಿದವನು ನಾನು. ಬೆಡ್‌ಶೀಟುಗಳ ಅಂಚು ಅಲ್ಲಲ್ಲಿ ಬೆಳ್ಳಗಾಗತೊಡಗಿದಾಗ ಮಂಡಳಿ ತಡಮಾಡಲಿಲ್ಲ. ಮೇಡಂ ಅವರನ್ನು ಕಾಯಂ ಮಾಡಿ, ಬ್ಯಾಕ್ಟೀರಿಯಾಗಳು ವಿಷ ತಿನ್ನದಂತೆ ತಡೆಯುವ ಉಪಾಯ ಹುಡುಕುವ ಕೆಲಸ ಕೊಟ್ಟರು. ಅವರು ಒಂದು ದಿನ ಯೋಚಿಸಿ ಒಪ್ಪಿಕೊಂಡರು. ಈಗ ಅವರಿಗೂ ಪೆನ್ನಿದೆ. ನನಗೆ ಬಡ್ತಿ ಸಿಕ್ಕಿತು. ಮಧ್ಯಾಹ್ನ ಘಟಕದಲ್ಲಿ ಬ್ಯಾಕ್ಟೀರಿಯಾಗಳ ಪೋಷಣೆ, ಬೆಳಿಗ್ಗೆ ಲಾಂಡ್ರಿಯಲ್ಲಿ ಬ್ಯಾಕ್ಟೀರಿಯಾಗಳ ನಿವಾರಣೆ. ನಾಡಿನಲ್ಲಿ ಎರಡೂ ವಿಭಾಗವನ್ನು ಒಬ್ಬನೇ ನೋಡಿಕೊಳ್ಳುತ್ತಿರುವವನು ನನ್ನ ಬಿಟ್ಟರೆ ಇನ್ನೊಬ್ಬನಿಲ್ಲ. ಊರಿಗೆ ಹೋದಾಗ ಹೇಳಿದೆ, ಎಲ್ಲರೂ ಬೆರಗಾದರು.

ನಿನ್ನೆ ಬೆಳಿಗ್ಗೆ ಸ್ಟೋರ್ ಕೀಪರ್ ಬಂದ. ತಂತಿಯಿಂದ ಒಂದು ಬೆಡ್‌ಶೀಟು ಎಳೆದು ಬಿಸಿಲಿಗೆ ಹಿಡಿದ. ಬಿಸಿಲು ಅದರೊಳಗಿಂದ ನೇರಳೆಯಾಗಿ ಅವನ ಮುಖದ ಮೇಲೆ ಬಿತ್ತು.

"ಇದು ನೋಡು, ಒಗೆಯೋದು ಅಂದ್ರೆ," ಎಂದ.

ಅಕ್ಕ ತಲೆಯಾಡಿಸಿದಳು. ಭಾವ ಕಟ್ಟುಗಳನ್ನು ಗಾಡಿಗೆ ಹೇರಿದರು. ನಾನು ತೊಟ್ಟಿಯೊಳಗೆ ಇಳಿದು ತಂತಿ ಬ್ರಷ್ಷಿನಿಂದ ಗೋಡೆ ಉಜ್ಜುತ್ತಿದ್ದೆ, ಬೇರೆಯವರಾಗಿದ್ದರೆ ಇಷ್ಟು ಹೊತ್ತಿಗೆ ಸುಸ್ತಾಗುತ್ತಿದ್ದರು. ಅಕ್ಕ ಬಂದು ಮೇಲಿನಿಂದ ಬಗ್ಗಿ ನೋಡಿದಳು.

"ಆ ಮೂಲೇಲಿ ಇನ್ನೂ ಇದ್ದಾವೆ ನೋಡು. ಅಲ್ಲಿ ನೀರು ತಿಳಿಯಾಗಿದೆ."

ಇದ್ದವು. ಉಜ್ಜಿದೆ.